ಇಬ್ಬರು ಮಮ್ಮಿಯರು

ಕೂರಲು ಜಾಗ ಸಿಗಲೆಂದು ಡೊಂಬಿವಲಿಯಿಂದ ಹಿಂದಕ್ಕೆ ಕಲ್ಯಾಣದವರೆಗೆ ಹೋಗಿ, ಅದೇ ಲೋಕಲ್ ರೈಲಿನಲ್ಲಿ ಮುಂಬಯಿಗೆ ಕೆಲಸಕ್ಕೆ ಹೊರಡುವವರು ನಾವು. ಬೆಳಗಿನ ಜೊಂಪಿನಲ್ಲಿ ಎದುರು ಸೀಟಿನ ಇಬ್ಬರ ಮಾತು ಕೇಳಿಸಿತು.

“ವಿನೋದಕ್ಕ, ಗಾಡಿ ನಿಮ್ಮ ಮನೆ ದಾಟುವಾಗ ಮಗಳು ಈಗಲೂ ಬಾಲ್ಕನಿಯಿಂದ ಟಾಟಾ ಮಾಡ್ತಾಳಾ?”

“ಕಲ್ಯಾಣಕ್ಕೆ ಹೋಗುವಾಗ ಒಮ್ಮೆ, ಇದೇ ಗಾಡಿ ವಾಪಸ್ ಬರುವಾಗ ಒಮ್ಮೆ. ಮೊನ್ನೆವರೆಗೆ ಅವಳಿಗೆ ಇಬ್ಬರು ಮಮ್ಮಿ ಮಾರಾಯ್ತಿ. ಒಬ್ಬಳು ಕಲ್ಯಾಣಕ್ಕೆ ಹೋಗುವವಳು, ಇನ್ನೊಬ್ಬಳು ಮುಂಬಯಿಗೆ.”

“ಅಯ್ಯೋ, ಚಂದ! ಈಗ?”

“ಈಗ ಆರು ತುಂಬಿತಲ್ಲ. ಇಬ್ಬರೂ ಒಬ್ಬಳೇ ಅಂತ ನಿನ್ನೆ ಗೊತ್ತಾಯ್ತು.”

“ಎಂತ ಹೇಳಿದಳು?”

“‘ಮಮ್ಮಿ, ಮನೆ ಹತ್ತಿರ ವಾಪಸ್ ಬಂದಿದ್ದೆಯಲ್ಲ, ಮತ್ತೆ ಯಾಕೆ ಇಳೀಲಿಲ್ಲ?’ ಅಂದಳು.”

ಇಬ್ಬರೂ ಕಿಟಕಿಯತ್ತ ತಿರುಗಿದರು. ಬಿಸಿಲಲ್ಲಿ ಒಂದು ಬಾಲ್ಕನಿ ತೇಲಿ ಹೋಯಿತು. ಡೊಂಬಿವಲಿಯಲ್ಲಿ ಗಾಡಿ ನಿಂತಿತು.

“ವಿನೋದಕ್ಕಾ, ಎಲ್ಲಿಗೆ?”

ನುಗ್ಗಿ ಬರುತ್ತಿದ್ದ ಗರ್ದಿಗೆ ಎದುರಾಗಿ ಆಕೆ ಇಳಿದೇಬಿಟ್ಟಳು.