ಹಿತ್ತಾಳೆ ಬೀಗ

…ಅದಕ್ಕೇ ಹೇಳಿದ್ದು ಅಕ್ಕಾ, ಧೈರ್ಯವಾಗಿ ಮೇಷ್ಟ್ರನ್ನ ಕರಿ ಅಂತ. ಕರೆದೆಯಾ? ಹನ್ನೊಂದಕ್ಕಾ? ಬರಲಿ ಬಿಡು. ನಿನ್ನ ತಮ್ಮ ಕೈ ಹಾಕಿದ ಕೆಲಸ ಇದು. ಆ ಸ್ಟೂಲ್ ಎಳ್ಕೊಂಡು ಕೂತ್ಕೋ, ಲೆನ್ಸ್ ಒರೆಸೋದು ಆಮೇಲೆ.

ಮೇಷ್ಟ್ರು ಮೊದಲನೇ ಮಗಳ ಮದುವೆ ಫೋಟೊ ನಮ್ಮ ವೆಬ್‌ಸೈಟಲ್ಲಿ ನೋಡೋಕೆ ಹೋದ್ರೆ ‘ಇದು ಸುರಕ್ಷಿತ ಅಲ್ಲ’ ಅಂತ ಕೆಂಪಕ್ಷರ ಬಂತು, ಅದಕ್ಕೇ ತಾನೇ ಅವರು ಮುನಿಸ್ಕೊಂಡಿದ್ದು? ಎರಡನೇ ಮಗಳ ಮದುವೆ ಎದುರು ಸ್ಟುಡಿಯೊದವನಿಗೆ ಕೊಡ್ತೀನಿ ಅಂದ್ರಲ್ಲ. ಇವತ್ತು ನೋಡಲಿ. ಆ ಮದುವೆ ಫೋಟೊ ಕೆಲಸಾನೂ ನಿಂದೇ, ಬರೆದಿಟ್ಕೋ.

ಯಾಕೆ ನಗ್ತೀಯ? ಹಳ್ಳಿ ಗಮಾರನಿಗೆ ಇದೆಲ್ಲ ಏನು ಗೊತ್ತು ಅಂತಾನಾ? ಊರಲ್ಲಿ ಮೂರು ಪಂಪ್‌ಸೆಟ್ ಬಿಚ್ಚಿ ಜೋಡಿಸಿದೋನು ನಾನು. ನಾಲ್ಕು ಬೋಲ್ಟ್ ಮಿಕ್ಕಿತ್ತು, ನಿಜ. ಆದ್ರೆ ನೀರು ಬಂತೋ ಇಲ್ವೋ?

ನಮ್ಮ ಫೋಟೊ ಇಟ್ಕೊಳ್ಳೋ ಕಂಪನಿಯವರು ಸಿಡಿಎನ್ ಅಂತಾರಲ್ಲ, ಅದು ಮತ್ತೇನಲ್ಲ, ಉಗ್ರಾಣ. ನೀನು ತೆಗೆದ ಫೋಟೊಗಳ ನಕಲನ್ನ ಹತ್ತಾರು ಊರಿನ ಕಂಪ್ಯೂಟರ್‌ಗಳಲ್ಲಿ ಇಟ್ಟಿರ್ತಾರೆ. ಯಾರು ಕೇಳಿದ್ರೂ ಅವರಿಗೆ ಹತ್ತಿರ ಇರೋ ಉಗ್ರಾಣದಿಂದ ಪಟ್ ಅಂತ ಎತ್ತಿಕೊಡ್ತಾರೆ. ಮೊದಲು ವೆಬ್ ವಿಳಾಸ ಆ ಕಂಪನಿಯ ಮಾರುದ್ದ ಹೆಸರಲ್ಲಿ ಬರ್ತಿತ್ತು, ನಾನು ಅದನ್ನ ಕಿತ್ತು ನಮ್ಮ ಸ್ಟುಡಿಯೊ ಹೆಸರು ಹಾಕಿದೆ. ಹಾಕಿದ್ರೆ ಸಾಲದು, ಆ ಹೆಸರು ನಮ್ದೇ ಅಂತ ರುಜುವಾತು ಬೇಕು. ಅವರು ಒಂದು ಸಾಲು ಅಕ್ಷರ ಕೊಡ್ತಾರೆ. ನಾವು ವೆಬ್ ಹೆಸರು ಕೊಂಡ ಕಡೆ ಹೋಗಿ ಅದನ್ನ ಬರೀಬೇಕು. ಅವರು ಬಂದು ಓದಿ, ಸರಿ ಇದ್ರೆ ಪ್ರಮಾಣಪತ್ರ ಕೊಡ್ತಾರೆ. ಆಗ ವಿಳಾಸದ ಪಕ್ಕ ಪುಟ್ಟ ಬೀಗ ಬರುತ್ತೆ. ಮೇಷ್ಟ್ರು ಹುಡುಕೋದು ಅದನ್ನೇ.

ಎಷ್ಟು ಹೊತ್ತು ಹಿಡೀತು ಅಂತೀಯಾ? ಅವರೇನೋ ಎರಡು ದಿನ ಕಾಯಿರಿ ಅಂತಾರೆ. ಕಾಯ್ತಾ ಕೂರೋ ಜಾತಿ ಅಲ್ಲ ನಾನು. ಒಂದು ಗಂಟೆ ನೋಡಿದೆ, ಬರಲಿಲ್ಲ. ಅಳಿಸಿ ಹೊಸದಾಗಿ ಕೇಳಿದೆ. ಹೊಸ ಸಾಲು ಕೊಟ್ರು, ಬರೆದೆ. ಮತ್ತೊಂದು ಗಂಟೆ. ಮತ್ತೆ ಅಳಿಸಿದೆ. ಹಿಂಗೇ ಒಂದು… ಹನ್ನೊಂದು ಸಲ. ಹುಬ್ಬು ಇಳಿಸು ಮಾರಾಯ್ತಿ. ಅಳಿಸಿದಾಗೆಲ್ಲ ಕಾಯೋದು ಮೊದಲಿಂದ ಶುರು ಅಂತ ನನಗೇನು ಕನಸು ಬಿದ್ದಿತ್ತಾ?

ಹೋಗಲಿ, ಬೀಗ ಬಂತೋ ಇಲ್ವೋ ನೋಡು. ಎಡಗಡೆ, ಮೇಲೆ. ಹೆಂಗೆ ಹೊಳೀತಿದೆ! ಬೇರೆಯವರಿಗೆಲ್ಲ ಬೂದು ಬಣ್ಣದ್ದು ಕೊಡ್ತಾರೆ, ನಮಗೆ ಹಿತ್ತಾಳೇದು. ಒಳ್ಳೇ ಸ್ಟುಡಿಯೊ ಅಂತ ಕಂಪನಿಯವರೇ ಪ್ರೀತಿಯಿಂದ…

ಏ, ಆ ಕಪ್ಪು ಟೇಪ್ ಮುಟ್ಬೇಡ. ಅದು ಸುಮ್ನೆ, ಬೆಳಕು ಕಣ್ಣಿಗೆ ಹೊಡೀತಿತ್ತು ಅಂತ ಪರದೆ ತುದಿಗೆ ಹಚ್ಚಿದ್ದು. ವಿಳಾಸದ ಪಟ್ಟಿ ಮೇಲೇ ಬಂದಿದ್ದು ಅದರ ಹಣೆಬರಹ.

ಮೇಷ್ಟ್ರು ಅವರ ಫೋನಲ್ಲೇ ನೋಡ್ತಾರಾ?… ಹೌದಲ್ಲ. ಫೋನಿಗೂ ಟೇಪ್… ಇಲ್ಲ, ಏನಿಲ್ಲ.

ಬೀಗ ಒತ್ತಬೇಡ ಅಕ್ಕಾ. ಅದು ಒತ್ತೋಕಲ್ಲ, ನೋಡೋಕೆ. ಅಕ್ಕಾ…

ಒತ್ತಿಬಿಟ್ಟೆ.

ದೊಡ್ಡದಾಗಿ ಬಂತಾ? ಹೂಂ, ಬರುತ್ತೆ. ನಮ್ಮ ಬಾಗಿಲ ಬೀಗದ ಫೋಟೊ ಅದು, ನಿನ್ನ ಕ್ಯಾಮೆರಾದಲ್ಲೇ ತೆಗೆದು ಅಲ್ಲಿ ಅಂಟಿಸಿದ್ದು, ಫೋಕಸ್ ಮಾತ್ರ ಚೆನ್ನಾಗಿದೆ.

ಹಂಗೆ ನೋಡ್ಬೇಡ. ಹೌದು, ಹಿಂದೆ ಕಾಣ್ತಿರೋದು ನಮ್ಮ ಸ್ಟುಡಿಯೊ ಬಾಗಿಲೇ. ಆ ಸುತ್ತಿಗೆ ಏಟು ಬಿದ್ದ ಹೆಬ್ಬೆರಳೂ… ನಂದೇ.

ಬೈಯೋದಿದ್ರೆ ಬೈ. ನೀನು ಬೈದ್ರೆ ನಾನೂ ನಾಲ್ಕು ಮಾತಾಡ್ತೀನಿ.

ಟೇಪ್ ಕೀಳ್ತೀಯಾ? ಕೀಳು. ಇದೆ, ಕೆಂಪಕ್ಷರ ಇದೆ. ಪ್ರಮಾಣಪತ್ರ ಕೊಟ್ಟಿಲ್ಲ ಅಕ್ಕಾ. ಹನ್ನೊಂದನೇ ಸಲ ಕೇಳಿದ್ದಕ್ಕೆ, ‘ಬಹಳ ಸಲ ಕೇಳಿದ್ದೀರಿ, ಇನ್ನು ಒಂದು ವಾರ ಬಿಟ್ಟು ಬನ್ನಿ’ ಅಂತ ಬಾಗಿಲು ಹಾಕ್ಕೊಂಡ್ರು. ಮೊದಲನೇ ಸಲ ಬರೆದು ಸುಮ್ನೆ ಮಲಗಿದ್ರೆ ಇಷ್ಟೊತ್ತಿಗೆ ಬಂದಿರ್ತಿತ್ತು. ನಿನ್ನೇನೇ ಹೇಳ್ಬೇಕು ಅನ್ಕೊಂಡೆ. ನೀನು ಅಷ್ಟು ಖುಷಿಯಾಗಿ ಮೇಷ್ಟ್ರಿಗೆ ಫೋನ್ ಮಾಡ್ತಿದ್ದೆ…

ಮೆಟ್ಟಿಲ ಮೇಲೆ ಯಾರದು? ಇನ್ನೂ ಹತ್ತೂವರೆ!

ಅಕ್ಕಾ, ಎದ್ಯಾಕೆ? ಮೇಷ್ಟ್ರಿಗೆ ಇಟ್ಟ ಕುರ್ಚಿ ಯಾಕೆ ನನ್ನ ಎದುರಿಗೆ ತಿರುಗಿಸ್ತೀಯ? ನಾನೇ ಹೇಳ್ಬೇಕಾ?… ಸರಿ. ನಾನೇ ಹೇಳ್ತೀನಿ.

ಬನ್ನಿ ಮೇಷ್ಟ್ರೆ, ಕೂತ್ಕೊಳ್ಳಿ. ಫೋಟೊದಲ್ಲಿ ಅಕ್ಕನದ್ದು ಏನೂ ತಪ್ಪಿಲ್ಲ, ಕೆಡಿಸಿದ್ದು ನಾನು. ಒಂದು ವಾರ ಬಿಟ್ಟು ಬನ್ನಿ ಅಂದಿದ್ದಾರೆ… ಅಯ್ಯೋ, ಏಳ್ಬೇಡಿ ಸಾರ್. ನಿಮಗಲ್ಲ, ನನಗೆ.