ಸುಳ್ಳು ಮಗ್ಗದ ಪರೀಕ್ಷೆ

ಗಜೇಂದ್ರಗಡದಿಂದ ರೋಣಕ್ಕೆ ಹೊರಟ ಬಸ್ಸಿನಲ್ಲಿ ಐಶ್ವರ್ಯಾಳ ಮುಂದಿನ ಸೀಟಿಗೆ ನೇಕಾರ ಹೆಂಗಸೊಬ್ಬಳು ತಮ್ಮನ ಮಗಳೊಂದಿಗೆ ಬಂದು ಕುಳಿತಳು. ಹುಡುಗಿಯ ತೊಡೆಯ ಮೇಲೆ ಲ್ಯಾಪ್‌ಟಾಪು, ಅದಕ್ಕೆ ವೈರಿನಿಂದ ಜೋಡಿಸಿದ ಅಂಗೈಯಗಲದ ಪೆಟ್ಟಿಗೆ. ಅವರ ಮಾತು ಹಿಂದೆ ಕುಳಿತ ಐಶ್ವರ್ಯಾಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ನಾಳೆ ಇದನ್ನ ನನ್ನ ಮಗ್ಗಕ್ಕ ಹಚ್ಚತಿ. ಮದುವಿ ಸೀರಿ ಅರ್ಧ ಆಗೇತಿ, ಮಧು. ಕೆಟ್ಟರ?"

"ಇದರಾಗಿನ ಆಪರೇಟಿಂಗ್ ಸಿಸ್ಟಮ್ ನಾನ ಬರದೀನಿ, ಅತ್ತಿ. ಹತ್ತು ಸಾವಿರ ಸಲ ಎಳಿ ಹರದು ನೋಡೀನಿ."

"ಯಾರ ಮಗ್ಗದಾಗ?"

"ಕಂಪ್ಯೂಟರ್‌ನ್ಯಾಗ ಒಂದು ಸುಳ್ಳ ಮಗ್ಗ ಮಾಡೀನಿ. ಪೆಟ್ಟಿಗಿ ಅದನ್ನ ಖರೇ ಅಂತ ನಂಬತೈತಿ."

"ಪಾಪ, ಅದಕ್ಕೂ ಟೋಪಿ ಹಾಕೀದಿ!"

"ಎಳಿ ಹರದು ಸಡಿಲಾದ್ರ ಪೆಟ್ಟಿಗಿಗೆ ಗೊತ್ತಾಗತೈತಿ. ಆಗ ಬರೇ ಮೋಟಾರ್ ನಿಲ್ಲಿಸಿದ್ರ ಸಾಲೂದಿಲ್ಲ. ಮುಂದಿನ ಲಾಳಿ ಓಡೂದ್ರೊಳಗ ನಿಲ್ಲಿಸಬೇಕು. ಒಮ್ಮೆನೂ ತಡ ಆಗಿಲ್ಲ."

"ಭಾಳ ಶಾಣ್ಯಾಕಿ ಬಿಡು. ಹರದ ಎಳಿ ಬಾಜೂ ಎಳಿಗೆ ತೊಡಕಿ ಬಿಗಿನ ನಿಂತ್ರ? ನನ್ನ ಮಗ್ಗದಾಗ ದಿನಾ ಹಂಗ ಆಗತೈತಿ."

ಮಧು ಟೈಪಿಸಿ, ಸುಳ್ಳು ಮಗ್ಗದಲ್ಲಿ ಹಾಗೆಯೇ ಒಂದು ಎಳೆ ಹರಿದು ತೊಡಕಿಸಿದಳು. ಪರದೆಯ ಮೇಲೆ ಲಾಳಿ ಓಡುತ್ತಲೇ ಇತ್ತು.

"ನಿಲ್ಲವಲ್ದು, ಅತ್ತಿ. ನಾಳೆ ಹಚ್ಚೂದು ಬ್ಯಾಡ."

"ಅದಕ್ಯಾಕ ಮಾರಿ ಸಣ್ಣ ಮಾಡ್ತಿ? ಕೆಟ್ಟದ್ದು ಸುಳ್ಳ ಮಗ್ಗ, ಉಳದದ್ದು ನನ್ನ ಸೀರಿ. ಎಂಥಾ ಚಲೋ ಯುಕ್ತಿ!"

ರಾಜೂರ ಬಂತು. ಅತ್ತೆಯೇ ಪೆಟ್ಟಿಗೆಯನ್ನು ಸೆರಗಿನಲ್ಲಿ ಜೋಪಾನವಾಗಿ ಹಿಡಿದು ಇಳಿದಳು.

"ಮನಿಗೆ ನಡಿ. ಮಗ್ಗ ಹ್ಯಾಂಗ ಹ್ಯಾಂಗ ಕೆಡತೈತಿ ಅಂತ ನಾ ಹೇಳತೀನಿ, ನೀ ಬರಕೋ."