ಲಾಳದೊಳಗೆ ಎರಡು ಬಾಣ

ಹಲೋ, ಹಲೋ... ಯಾರು ಮಾತಾಡ್ತಿರೋದು? ಹಾಂ, ಇದು ವುಚ್ ಊರಿನ ಅರಳೆ ಉಗ್ರಾಣವೇ. ನಾನೇ ಪೆಲಾಗಿಯಾ. ನೀವ್ಯಾರು?

... ಓಹೋ, ಓನುಫ್ರಿ ಸಾಹೇಬ್ರು! ಲುದ್ಮಿಲಾಳ ತಂದೆ! ನಮಸ್ಕಾರ ಯಜಮಾನ್ರೇ. ನನ್ನ ಮಗ ಕಾಸ್ಪರ್ ಹೆಣ್ಣು ಕೇಳೋಕೆ ಅಂತ ಬೆಳಿಗ್ಗೆಯೇ ಹೊರಟ, ತಲುಪಿದ್ನಾ?

... ಊಟಕ್ಕೆ ಕೂತಿದಾನಾ? ಒಳ್ಳೇದಾಯ್ತು. ಏನು ಬಡಿಸಿದ್ರಿ?

... ಬಾತುಕೋಳಿ ರಕ್ತದ ಕಪ್ಪು ಸಾರಾ? ಅಯ್ಯೋ, ಅವನಿಗೆ ಅದಂದ್ರೆ ಪ್ರಾಣ! ... ಎರಡು ಬಟ್ಟಲು ಕುಡಿದು ಮೂರನೇದಕ್ಕೆ ಕೈ ಚಾಚಿದ್ನಾ? ಅದಕ್ಯಾಕೆ ಸಿಟ್ಟು, ಬಾತುಕೋಳಿ ಮುಗಿದುಹೋಯ್ತಾ?

... ಏನಂದ್ರಿ? ಹೆಣ್ಣು ಕೇಳೋಕೆ ಬಂದವನಿಗೆ ಕಪ್ಪು ಸಾರು ಬಡಿಸಿದ್ರೆ ಹೆಣ್ಣು ಕೊಡಲ್ಲ ಅಂತ ಅರ್ಥನಾ? ... ಹಾಂ, ದೊಡ್ಡಮನೆಗಳ ಪದ್ಧತಿ. ನಮ್ಮ ಮಗ್ಗದ ಊರಲ್ಲಿ ಅದು ಭಾನುವಾರದ ಊಟ ಸ್ವಾಮಿ! ಪಾಪ, ಉಪಚಾರ ಮಾಡ್ತಿದಾರೆ ಅಂದ್ಕೊಂಡಿದಾನೆ.

... ಬಾಯ್ಬಿಟ್ಟು ಬೇಡ ಅನ್ನೋದು ನಿಮಗೆ ಮರ್ಯಾದೆ ಅಲ್ಲ, ಅದಕ್ಕೆ ನಾನೇ ಅವನನ್ನ ವಾಪಸ್ ಕರೆಸ್ಕೋಬೇಕಾ? ಅಲ್ಲ, ಲುದ್ಮಿಲಾ ಏನಂತಾಳೆ? ... ಅಳ್ತಿದಾಳಾ? ಇವನೂ ಎರಡು ವರ್ಷದಿಂದ ಅವಳ ಹೆಸರೇ ಜಪಿಸ್ತಿದಾನೆ.

... ಗೊತ್ತು, ಗೊತ್ತು. ಐನೂರು ವರ್ಷದ ಮನೆತನ. ಗ್ರುನ್‌ವಾಲ್ಡ್ ಯುದ್ಧದಲ್ಲಿ ಪೋಲೆಂಡಿನ ರಾಜನೇ ನಿಮ್ಮ ಹಿರೀಕನಿಗೆ ಲಾಂಛನ ಕೊಟ್ಟ. ಎಂಥದದು ಲಾಂಛನ?

... ಕುದುರೆ ಲಾಳ. ಒಳಗೆ ಎರಡು ಬಾಣ. ಹಾಂ... ನಿಮ್ಮನೆ ಒಲೆ ಮೇಲಿನ ಹಳೇ ಹಲಗೇಲಿ ಇದೆ... ತಾಳಿ, ತಾಳಿ. ಕೆಳಗೇನಾದ್ರೂ ಬರೆದಿದೆಯಾ?

... ನೂರ ಹನ್ನೆರಡು? ಏನದು? ... ಹಿರೀಕ ಕಡಿದು ಹಾಕಿದ ಶತ್ರುಗಳ ಲೆಕ್ಕನಾ! ಅಯ್ಯೋ ಕನ್ಯೆ ಮರಿಯಮ್ಮಾ! ... ನಗ್ತಿಲ್ಲ. ನಗ್ತಿಲ್ಲ ಅಂದೆನಲ್ಲ. ಕೆಮ್ಮು. ಅರಳೆ ಧೂಳು.

... ಇರಿ, ನಮ್ಮನೆಯವರ ಅಜ್ಜನ ಗುರುತಿನ ಪುಸ್ತಕ ತೆಗೀತಿದೀನಿ... ಸಿಕ್ತು. ಲಾಳ, ಎರಡು ಬಾಣ. ತುರ್ಕಿಸ್ತಾನದ ಹೊಲಗಳಿಂದ ಬಂದ ಅರಳೆ. ಯಾರ ಮೂಟೆ ಯಾವುದು ಅಂತ ತಿಳಿಯೋಕೆ ಒಂದೊಂದು ಅರಳೆ ಮೂಟೆ ಮೇಲೂ ಇದೇ ಗುರುತು ಬರೀತಿದ್ರು, ರಾಶಿ ಮುಂದೆ ಹಲಗೆ ನೇತುಹಾಕ್ತಿದ್ರು. ನೂರ ಹನ್ನೆರಡು ರಾಶಿಯ ನಂಬರು. ಪಾಲುದಾರರು ಇಬ್ಬರು. ಒಂದು ಬಾಣ ನಮ್ಮವರದು. ಇನ್ನೊಂದು... ನಿಮ್ಮಜ್ಜನ ಹೆಸರು ಬೋನಿಫಾತ್ಸಿ ಅಲ್ವಾ?

... ಕೂಗಬೇಡಿ ಯಜಮಾನ್ರೇ. ... ಉಸಿರಾಡಿ.

... ಸುಳ್ಳಾ? ಆಯ್ತು, ರಾಜ ಕೊಟ್ಟ ಲಾಂಛನವೇ ಇರ್ಲಿ. ಒಂದೇ ಲಾಂಛನ ಹೊತ್ತವರೆಲ್ಲ ಸರಿಸಮಾನರು, ಹೆಣ್ಣು ಕೊಟ್ಟು ತರಬಹುದು ಅನ್ನೋದೂ ನಿಮ್ಮ ಪದ್ಧತಿನೇ ಅಲ್ವಾ? ಹಾಗಿದ್ರೆ ನಾವೂ ಗ್ರುನ್‌ವಾಲ್ಡಿನವರು. ಅಲ್ಲ ಅಂದ್ರೆ ನೀವೂ ಅರಳೆಯವರು. ಯಾವುದಾಗ್ಬೇಕು ಹೇಳಿ, ನಂಗೆ ಎರಡೂ ಸರಿ.

... ಯಾರಿಗೂ ಹೇಳಬಾರದಾ? ನಾನ್ಯಾಕೆ ಹೇಳ್ಲಿ! ... ಪುಸ್ತಕ ಸುಡೋದಾ? ಆಗಲ್ಲ. ಮೊಮ್ಮಕ್ಕಳಿಗೆ ತೋರಿಸ್ಬೇಕು.

... ಹಾಂ, ಹೋಗಿ ಬನ್ನಿ, ಕಾಯ್ತೀನಿ...

... ಕುರ್ಚಿ ಎಳೆದ ಸದ್ದು... ಯಾರನ್ನ ಕರೀತಿದೀರಿ? ನಮ್ಮ ಕಾಸ್ಪರ್‌ನನ್ನಾ? "ಅಳಿಯಂದ್ರೇ" ಅಂದ್ರಾ? ... ಹಲೋ, ಬೀಗರೇ! ಇನ್ನೊಂದ್ಸಲ ಅನ್ನಿ, ಜೋರಾಗಿ ಅನ್ನಿ, ನಾನು ಕಿವಿಯಾರೆ ಕೇಳ್ಬೇಕು... ಹಲೋ? ಹಲೋ... ಹಲ...